ಕಾಗೆಯ ಗಂಟಲಲ್ಲಿ ಹಿಟ್ಟು

ನಮ್ಮೂರಿಗೆ ಕಾಗೆ ಬರುವುದಿಲ್ಲ. ಪಕ್ಕದೂರಿನ ತೆಂಗಿನ ಮರಗಳ ಮೇಲೆ ಬೇಕಾದಷ್ಟು ಕೂತಿರುತ್ತವೆ. ನಮ್ಮ ಗಡಿಕಲ್ಲಿನ ತನಕ ಹಾರಿ ಬಂದು, ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ ತಿರುಗಿ ಹೊರಟುಬಿಡುತ್ತವೆ. ಇದರಿಂದ ಯಾರಿಗೂ ನಷ್ಟವಿರಲಿಲ್ಲ, ಒಂದು ವಿಷಯದಲ್ಲಿ ಬಿಟ್ಟು. ತಿಥಿಯ ದಿನ ಸತ್ತವರಿಗೆ ಇಟ್ಟ ಎಡೆಯನ್ನು ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಕಾಗೆಯೇ ಇಲ್ಲದ ಊರಿನಲ್ಲಿ ಸತ್ತವರೆಲ್ಲರೂ ಆಸೆ ಉಳಿಸಿಕೊಂಡೇ ಇರಬೇಕಾಗಿತ್ತು. ಹೀಗಾಗಿ ನಮ್ಮ ಹಿರಿಯರ ಕಾಲದಲ್ಲೇ ವಿಮಾನ ಬಂತು.

ವಿಮಾನ ಅಂದರೆ ಜನ ಕೂರುವಂಥದ್ದಲ್ಲ. ಒಂದು ಮಾರು ಅಗಲದ ರೆಕ್ಕೆ, ಬಿದಿರು ದಬ್ಬೆಯ ಮೈ, ಅದರ ಮೇಲೆ ಎಳೆದು ಅಂಟಿಸಿದ ತೆಳು ಬಟ್ಟೆ, ಬಟ್ಟೆಗೆ ದೀಪದ ಮಸಿ. ಹೊಟ್ಟೆಯ ಕೆಳಗೆ ತಗಡಿನ ಕೊಕ್ಕು. ಮೂತಿಯಲ್ಲಿ ಗಜನಿಂಬೆ ಗಾತ್ರದ ಪೆಟ್ರೋಲ್ ಎಂಜಿನ್ನು, ಅದರ ಮುಂದೆ ಮರದ ಫ್ಯಾನು. ರೆಕ್ಕೆಯ ತುದಿಯಿಂದ ಹೊರಟ ಎರಡು ಉಕ್ಕಿನ ತಂತಿಗಳು ಬಯಲಿನ ನಡುವೆ ನಿಂತ ತಿಪ್ಪಯ್ಯನ ಕೈ ಸೇರುತ್ತವೆ. ವಿಮಾನ ಅವನ ಸುತ್ತ ಸುತ್ತುತ್ತದೆ, ಅವನೂ ಅದರ ಜೊತೆ ನಿಂತಲ್ಲೇ ಸುತ್ತುತ್ತಾನೆ. ಒಂದು ತಂತಿ ಎಳೆದರೆ ಏರುತ್ತದೆ, ಇನ್ನೊಂದನ್ನು ಎಳೆದರೆ ಇಳಿಯುತ್ತದೆ. ಇಳಿದು, ಕಲ್ಲಿನ ಮೇಲಿಟ್ಟ ಎಲೆಯ ಅನ್ನದ ಉಂಡೆಯನ್ನು ಕೊಕ್ಕಿನಿಂದ ತಾಗಿಸಿ ಹೋದರೆ ತಿಥಿ ಮುಗಿಯಿತು, ಊಟಕ್ಕೆ ಏಳಬಹುದು. ಜೀವಮಾನವೆಲ್ಲ ಸುತ್ತಿ ಸುತ್ತಿ ತಿಪ್ಪಯ್ಯನಿಗೆ ನೆಟ್ಟಗೆ ನಡೆಯುವುದು ಮರೆತುಹೋಗಿದೆ. ಹೊಸಬರು ಅವನನ್ನು ಕುಡುಕ ಎಂದುಕೊಳ್ಳುತ್ತಾರೆ. ಅವನು ಮಜ್ಜಿಗೆ ಬಿಟ್ಟು ಬೇರೆ ಕುಡಿದವನಲ್ಲ.

ನಾವು ಆ ವಿಮಾನವನ್ನು ಕಾಗೆ ಎಂದೇ ಕರೆಯುತ್ತೇವೆ. ಅದನ್ನು ಹೊರಡಿಸುವುದು ನನ್ನ ಕೆಲಸ.

ಮೊದಲು ನನ್ನ ಗಂಡ ಮಾಡುತ್ತಿದ್ದ ಕೆಲಸ ಇದು. ಅವನ ತಿಥಿಯ ದಿನ ಬೇರೆ ಯಾರಿಗೂ ಬಾರದೆ ನಾನೇ ಫ್ಯಾನು ತಿರುವಿದೆ. ಎಷ್ಟು ತಿರುವಿದರೂ ಹತ್ತಲಿಲ್ಲ. ಕೊನೆಗೆ ಯಾರೋ ಹೇಳಿಕೊಟ್ಟರೆಂದು "ನಿನ್ನ ಕೆಲಸ ಇನ್ಮೇಲೆ ನಾನೇ ನೋಡ್ಕೋತೀನಿ" ಎಂದೆ. ಮರು ಏಟಿಗೆ ಹತ್ತಿತು. ಊರು ಕಣ್ಣೊರೆಸಿಕೊಂಡಿತು. ಮಾತು ಕೊಡುವುದಕ್ಕೆ ಸ್ವಲ್ಪ ಮುಂಚೆ ಬ್ಯಾಟರಿಯ ತಂತಿ ಕಳಚಿಕೊಂಡಿದ್ದನ್ನು ಕಂಡು ನಾನೇ ಸಿಕ್ಕಿಸಿದ್ದೆ. ಅದನ್ನೂ ಹೇಳಿದೆ. ಅಳುತ್ತಿರುವವಳು ಏನೋ ಹೇಳುತ್ತಾಳೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಜಿನ್ನು ಹತ್ತುವುದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ, ತಾಳ್ಮೆ ಬೇಕು. ಕಾರ್ಬೊರೇಟರಿನಲ್ಲಿ ಒಂದು ಸೂಜಿ ಇದೆ. ಅದು ಹೋಗಿ ಕೂರುವ ತೂತು ಕೂದಲೆಳೆಯಷ್ಟು. ಸೂಜಿಯನ್ನು ಬಿಚ್ಚಿದರೆ ಪೆಟ್ರೋಲ್ ಹೆಚ್ಚು, ಬಿಗಿದರೆ ಗಾಳಿ ಹೆಚ್ಚು. ಪೆಟ್ರೋಲ್ ಹೆಚ್ಚಾದರೆ ಎಂಜಿನ್ನು ಉಂಡು ತೇಗುವವರ ಹಾಗೆ ಬಡಬಡಿಸುತ್ತದೆ. ಗಾಳಿ ಹೆಚ್ಚಾದರೆ ಸದ್ದು ಸಣ್ಣಗಾಗುತ್ತ, ಕೀರಲಾಗುತ್ತ ಹೋಗಿ ತಟ್ಟನೆ ನಿಲ್ಲುತ್ತದೆ. ನೆಲದ ಮೇಲೆ ಚೆನ್ನಾಗಿ ಕೇಳಿಸಿತೆಂದು ಹಾಗೇ ಬಿಟ್ಟರೆ ಮೇಲೆ ಹೋದಾಗ ಬಾಯಾರಿ ಸಾಯುತ್ತದೆ. ಅದಕ್ಕೇ ಸ್ವಲ್ಪ ತೇಗು ಉಳಿಸಿಯೇ ಬಿಡಬೇಕು. ಇನ್ನೊಂದು ಇರುವುದು ಕಿಡಿಯ ಕಡ್ಡಿ. ಕೈಯಲ್ಲಿ ತಿರುವುವಾಗ ಕಿಡಿ ಸ್ವಲ್ಪ ತಡವಾಗಿ ಬೀಳಬೇಕು, ಇಲ್ಲದಿದ್ದರೆ ಫ್ಯಾನು ಹಿಂದಕ್ಕೆ ಒದ್ದು ಬೆರಳು ಮುರಿಯುತ್ತದೆ. ನನ್ನ ತೋರುಬೆರಳು ಇವತ್ತಿಗೂ ಪಕ್ಕದ ಮನೆ ತೋರಿಸುತ್ತದೆ. ಹತ್ತಿದ ಮೇಲೆ ಕಡ್ಡಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರೆ ಕಿಡಿ ಬೇಗ ಬಿದ್ದು ವೇಗ ಏರುತ್ತದೆ. ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕೂಡಿಸಲು ಬಂದ ಹೊಸತರಲ್ಲಿ, ಆ ಕಡ್ಡಿಯ ಪಕ್ಕದ ತಗಡಿನ ಮೇಲೆ ಮೊಳೆಯಿಂದ ಒಂದು ಕಡೆ 'ಬೇಗ', ಇನ್ನೊಂದು ಕಡೆ 'ತಡ' ಎಂದು ಗೀಚಿದೆ. ನನಗೆ ತುಂಬ ಹೆಮ್ಮೆಯಾಗಿತ್ತು. ಅದನ್ನು ಓದಿದ ಊರವರು ಸಾಕಮ್ಮನ, ಅಂದರೆ ನನ್ನ, ಹತ್ತಿರ ಸತ್ತವರನ್ನು ಬೇಗ ಮಾಡುವ, ತಡ ಮಾಡುವ ಕಡ್ಡಿ ಇದೆ ಎಂದು ತಿಳಿದುಕೊಂಡರು.

ತಿಳಿದುಕೊಳ್ಳಲು ಕಾರಣವಿತ್ತು. ಎಂಜಿನ್ನು ಹತ್ತದಿದ್ದರೆ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಸತ್ತವರಿಗೆ ಮಾತು ಕೊಡಬೇಕು. 'ತಂಗಿ ಮದುವೆ ಮಾಡ್ತೀನಿ', 'ಅಮ್ಮನ್ನ ನನ್ನ ಹತ್ರಾನೇ ಇಟ್ಕೋತೀನಿ' ಹೀಗೆ. ಯಾವ ಮಾತಿಗೆ ಹತ್ತಿತೋ ಅದೇ ಸತ್ತವರ ಆಸೆ. ಕಾಗೆಯ ಮುಂದೆ ಆಡಿದ ಮಾತಿಗೆ ತಪ್ಪಿದವರ ಮನೆಗೆ ನಮ್ಮೂರಲ್ಲಿ ಹೆಣ್ಣು ಕೊಡುವುದಿಲ್ಲ, ಅವರ ಮನೆಯಿಂದ ತರುವುದೂ ಇಲ್ಲ. ಅದು ಎಂಜಿನ್ನು ಎಂಬುದು ಎಲ್ಲರಿಗೂ ಗೊತ್ತು. ಸೂಜಿ ನನ್ನ ಕೈಯಲ್ಲಿದೆ ಎಂಬುದೂ ಗೊತ್ತು. ಗೊತ್ತಿದ್ದೂ ಮಾತು ಕೊಡುತ್ತಾರೆ, ಕೊಟ್ಟದ್ದನ್ನು ನಡೆಸುತ್ತಾರೆ. ಹಾಗೆಂದು ಮೊದಲ ಏಟಿಗೇ ಹತ್ತಿಬಿಟ್ಟರೂ ಕಷ್ಟ. 'ಅಷ್ಟು ಬೇಗ ಹೊರಟುಬಿಟ್ರಾ, ನಮ್ಮ ಹತ್ರ ಕೇಳೋದು ಏನೂ ಇರಲಿಲ್ವಾ?' ಎಂದು ಹೆಂಗಸರು ಮೂಗು ಹಿಂಡಿಕೊಳ್ಳುತ್ತಾರೆ. ಸಾವಿನಲ್ಲೂ ಒಂದು ಮರ್ಯಾದೆಯ ಹೊತ್ತು ಎಂಬುದಿದೆ.

ಆದ್ದರಿಂದ ಪ್ರತಿ ತಿಥಿಗೂ ಮೊದಲು ನನ್ನ ಮನೆಗೆ ತೆಂಗಿನಕಾಯಿ ಬರುತ್ತವೆ. ಬೇಗ ಹತ್ತಲಿ ಎನ್ನುವವರದು ಒಂದು, ತಡವಾಗಲಿ ಎನ್ನುವವರದು ಒಂದು. ನಾನು ಎರಡನ್ನೂ ತೆಗೆದುಕೊಂಡು, ಎಂಜಿನ್ನನ್ನು ಹೇಗೆ ಮಾಡಬೇಕೋ ಹಾಗೆ ಮಾಡುತ್ತೇನೆ. "ನನ್ನ ಕೈಯಲ್ಲಿ ಏನಿಲ್ಲ" ಎಂದು ಮೊದಲೇ ಹೇಳುತ್ತೇನೆ. ಲಂಚ ತೆಗೆದುಕೊಳ್ಳುವವರೆಲ್ಲ ಹೇಳುವ ಮಾತು ಅದೇ ಆದ್ದರಿಂದ ಅವರಿಗೆ ನನ್ನ ಮೇಲೆ ನಂಬಿಕೆ ಇನ್ನೂ ಹೆಚ್ಚುತ್ತದೆ. ಬೇಗ ಹತ್ತಿದರೆ ಮೊದಲನೆಯವರು ಕೈಮುಗಿಯುತ್ತಾರೆ, ತಡವಾದರೆ ಎರಡನೆಯವರು. ನಮ್ಮ ಮನೆಯಲ್ಲಿ ಚಟ್ನಿಗೆ ಎಂದೂ ಕೊರತೆಯಾಗಿಲ್ಲ.

ಹೀಗಿರುವಾಗ ಗಿರಣಿ ಮುದ್ದಯ್ಯ ತೀರಿಕೊಂಡ.

ಮುದ್ದಯ್ಯನದು ಹಿಟ್ಟಿನ ಗಿರಣಿ. ಅವನಿಗೆ ಮಂಡಿ ಹಿಡಿದ ಮೇಲೆ ಅದನ್ನು ನಡೆಸಿದವಳು ಮಗಳು ಹೊನ್ನಮ್ಮ. ಮದುವೆಯಾಗದ ಹೆಂಗಸು, ನಲವತ್ತು ದಾಟಿದೆ, ರೆಪ್ಪೆಯ ಮೇಲೆ ಸದಾ ಹಿಟ್ಟು. ರಾತ್ರಿ ಶಾಲೆಯಲ್ಲಿ ನಾನೂ ಅವಳೂ ಒಂದೇ ಹಲಗೆಯ ಮೇಲೆ ಕೂತು ಕಲಿತವರು. ಅವಳು ಒರಗಿದರೆ ನನ್ನ ಸೀರೆಯೂ ಬೆಳ್ಳಗಾಗುತ್ತಿತ್ತು. ಅವಳ ಅಣ್ಣ ಕೆಂಪರಾಜು, ತಮ್ಮ ಲಕ್ಕಪ್ಪ ಗಿರಣಿಯೊಳಗೆ ಕಾಲಿಟ್ಟವರಲ್ಲ, ಕೆಮ್ಮು ಬರುತ್ತದೆಯಂತೆ. ಅಪ್ಪ ಸತ್ತ ಮೂರನೇ ದಿನಕ್ಕೇ ತೀರ್ಮಾನವಾಗಿತ್ತು. ಕಲ್ಲು, ಬೆಲ್ಟು ಬಿಚ್ಚಿ ಮಾರುವುದು, ಆ ಜಾಗದಲ್ಲಿ ಬಾಡಿಗೆಗೆ ಮಳಿಗೆ ಹಾಕುವುದು. ಹೊನ್ನಮ್ಮ ಆರು ತಿಂಗಳು ಅಣ್ಣನ ಅಡಿಗೆಮನೆ, ಆರು ತಿಂಗಳು ತಮ್ಮನ ಅಡಿಗೆಮನೆ.

"ಗಿರಣಿ ನಿಂಗೇ ಅಂತ ಅಪ್ಪ ಎಲ್ಲಾರ ಮುಂದೆ ಹೇಳಿತ್ತು ಸಾಕಕ್ಕ," ಎಂದು ಹೊನ್ನಮ್ಮ ನನ್ನ ಹತ್ತಿರ ಹೇಳಿದಳು. "ಹಬ್ಬದ ಸಾಲು, ಗಿರಾಕಿಗಳು ತುಂಬ್ಕೊಂಡಿದ್ರು. ಗಿರಣಿ ಓಡ್ತಾ ಇತ್ತು. ಯಾರಿಗೂ ಕೇಳಿಸ್ಲಿಲ್ಲ."

"ನಿನಗೆ ಕೇಳಿಸ್ತಾ?"

"ನಂಗೆ ಅಪ್ಪನ ಬಾಯಿ ನೋಡಿದ್ರೆ ಸಾಕು. ಆ ಸದ್ದಲ್ಲಿ ಇನ್ನೇನು ಕೇಳ್ಕೊಂಡು ಬದುಕಿದ್ವಿ?"

ಅದಕ್ಕೆ ಮೊದಲೇ, ಅವತ್ತು ಬೆಳಿಗ್ಗೆ, ಕೆಂಪರಾಜು ಬಂದು ಹೋಗಿದ್ದ. ಕಾಯಿ ಮಾತ್ರವಲ್ಲ, ಒಂದು ಚಿಪ್ಪು ರಸಬಾಳೆಯನ್ನೂ ತಂದಿದ್ದ. "ಅಪ್ಪಂಗೆ ಯಾವ ಆಸೇನೂ ಉಳ್ದಿರಲಿಲ್ಲ ಸಾಕಕ್ಕ. ತುಂಬಿದ ಜೀವ. ಮೊದಲನೇ ಏಟಿಗೇ ಹತ್ತಲಿ, ಯಾರು ಏನಾದ್ರೂ ಅನ್ಕೊಳ್ಲಿ."

"ನನ್ನ ಕೈಲಿ ಏನಿಲ್ಲಪ್ಪ."

"ಗೊತ್ತು ಬಿಡು, ಗೊತ್ತು ಬಿಡು," ಎಂದು ಕಣ್ಣು ಹೊಡೆದು ಹೋಗಿದ್ದ.

ಈಗ ಹೊನ್ನಮ್ಮ ಬರಿಗೈಯಲ್ಲಿ ಬಂದು ನನ್ನ ಎದುರಿಗೆ ಕೂತಿದ್ದಳು. ನಾನು ಕಿಡಿ ಹಾರಿಸುವ ಪಾಯಿಂಟು ಉಜ್ಜುತ್ತಿದ್ದೆ. ಅವಳು ಬಹಳ ಹೊತ್ತು ಸೂಜಿಯ ತಿರುಪನ್ನೇ ನೋಡಿದಳು.

"ಅದನ್ನ ಒಂದು ಕಾಲು ಸುತ್ತು ಬಿಗಿದ್ರೆ ಹತ್ತಲ್ಲ, ಅಲ್ವಾ?"

"ಹತ್ತಲ್ಲ."

"ಅವರು ಗಿರಣಿ ಅನ್ನೋ ತನಕ ಹಾಗೇ ಇಟ್ಟು, ಅಂದಮೇಲೆ ಬಿಚ್ಚಬಹುದು, ಅಲ್ವಾ?"

"ಬಿಚ್ಚಬಹುದು."

"ಮಾಡ್ತೀರಾ?"

"ಇಲ್ಲ ಕಣೇ."

ಅವಳ ಮುಖ ಕೆಂಪಾಯಿತು. "ಊರೆಲ್ಲಾ ನೀವು ಮಾಡ್ತೀರಿ ಅಂತದೆ."

"ಊರು ಅನ್ನುತ್ತೆ. ನಾನು ಒಂದು ಸಲ ಮಾಡಿದ್ರೆ ಇಲ್ಲಿ ತನಕ ಕೊಟ್ಟ ಮಾತೆಲ್ಲಾ ನಂದೇ ಆಗಿಬಿಡುತ್ತೆ, ಸತ್ತವರದ್ದು ಒಂದೂ ಉಳಿಯಲ್ಲ. ಎಷ್ಟು ಜನ ಅಮ್ಮಂದಿರು ಆ ಮಾತಿನ ಮೇಲೆ ಊಟ ಮಾಡ್ತಾ ಇದ್ದಾರೆ, ನೋಡು."

"ಅವರೆಲ್ಲಾ ಊಟ ಮಾಡ್ಲಿ. ನಾನು ಲಕ್ಕಪ್ಪನ ಹೆಂಡ್ತಿಗೆ ಕಾಯಿ ತುರ್ಕೊಂಡು ಕೂತಿರ್ತೀನಿ," ಎಂದು ಎದ್ದಳು. ಬಾಗಿಲ ಹತ್ತಿರ ನಿಂತು, "ಬಾಳೆಹಣ್ಣು ಅಣ್ಣಂದಾ?" ಎಂದಳು. ಹೌದೆಂದೆ. ಎರಡು ಮುರಿದುಕೊಂಡು ಹೋದಳು.

ತಿಥಿಯ ಪೆಟ್ರೋಲ್ ಸತ್ತವರ ಮನೆಯದೇ ಆಗಿರಬೇಕು. ಹಿಂದಿನ ದಿನ ನನ್ನ ಹತ್ತಿರ ಕೊಟ್ಟರೆ ನಾನು ಹರಳೆಣ್ಣೆ ಬೆರೆಸಿ, ತೊಳೆದು ತೊಳೆದು ನವೆದ ಪಂಚೆಯ ತುಂಡಿನಲ್ಲಿ ಸೋಸಿ, ತಂಬಿಗೆಗೆ ತುಂಬಿ ವಾಪಸು ಕಳಿಸುತ್ತೇನೆ. ಮಾರನೇ ದಿನ ಹಿರಿಮಗ ತಂಬಿಗೆ ಹೊತ್ತು ತಂದು ತನ್ನ ಕೈಯಿಂದಲೇ ಟ್ಯಾಂಕಿಗೆ ಹೊಯ್ಯಬೇಕು. ಹೊಯ್ದ ಮೇಲೆ ಅದು ಸತ್ತವರದ್ದು. ಅದನ್ನು ಚೆಲ್ಲುವ ಹಾಗಿಲ್ಲ, ಬದಲಾಯಿಸುವ ಹಾಗೂ ಇಲ್ಲ. ಕೆಂಪರಾಜುವಿನ ತಂಬಿಗೆಯನ್ನೂ ನಾನು ಹಾಗೇ ಸೋಸಿ ಕಳಿಸಿದ್ದೆ.

ತಿಥಿಯ ದಿನ ಬೆಳಿಗ್ಗೆ ನನ್ನ ಅಂಗಳದಲ್ಲಿ, ನನ್ನ ಪೆಟ್ರೋಲಿನಲ್ಲಿ ಕಾಗೆಯನ್ನು ಓಡಿಸಿ ನೋಡಿದೆ. ಸೂಜಿಯನ್ನು ಪೂರ್ತಿ ಬಿಗಿದು ಎರಡೂವರೆ ಸುತ್ತು ಬಿಚ್ಚಿದೆ. ಕಡ್ಡಿ 'ತಡ'ದ ಕಡೆ. ಕಾರ್ಬೊರೇಟರಿನ ಬಾಯಿಗೆ ಬೆರಳಿಟ್ಟು ಪೆಟ್ರೋಲ್ ಎಳೆಸಿ ಫ್ಯಾನು ತಿರುವಿದರೆ ಹತ್ತಿತು. ಮೂತಿ ಮೇಲೆತ್ತಿ ಹಿಡಿದೆ, ಸದ್ದು ಸ್ವಲ್ಪ ಬಿಗಿಯಾಯಿತೇ ಹೊರತು ಕೀರಲಿಲ್ಲ. ಅಷ್ಟು ಚೆನ್ನಾಗಿ ಅದು ವರ್ಷಕ್ಕೊಮ್ಮೆ ಓಡುತ್ತಿತ್ತೋ ಏನೋ. ಹೊನ್ನಮ್ಮನ ಮುಖ ನೆನಪಾಗಿ ನನಗೆ ಬೇಸರವಾಯಿತು. ಆದರೂ ಸೂಜಿ ಮುಟ್ಟಲಿಲ್ಲ.

ಬಯಲಿನಲ್ಲಿ ಊರೆಲ್ಲ ಸೇರಿತ್ತು. ಗಿರಣಿಗೆ ಹೋಗದ ಮನೆ ಯಾವುದು? ದಾಸಯ್ಯ ಶಂಖ ಊದಿ ಜಾಗಟೆ ಬಾರಿಸಿದ. ಕಲ್ಲಿನ ಮೇಲೆ ಬಾಳೆಲೆ, ಅದರಲ್ಲಿ ಮುದ್ದಯ್ಯನಿಗೆ ಇಷ್ಟವಾದ ಅಕ್ಕಿ ರೊಟ್ಟಿ, ಎಳ್ಳು ಹಚ್ಚಿದ ಅನ್ನದ ಉಂಡೆ. ಕೆಂಪರಾಜು ತಂಬಿಗೆ ಬಗ್ಗಿಸಿ ಟ್ಯಾಂಕು ತುಂಬಿದ. ನಿಯಮದಂತೆ ಬಾಲ ಹಿಡಿದು ಕುಕ್ಕರುಗಾಲಿನಲ್ಲಿ ಕೂತ. ನಾನು ಫ್ಯಾನಿಗೆ ಬೆರಳು ಹಾಕಿದೆ.

ಮೊದಲ ಏಟಿಗೇ ಹತ್ತಿತು.

ಎಂಜಿನ್ನಿನ ಸದ್ದಿನ ನಡುವೆಯೂ ಹೆಂಗಸರ ಕಡೆಯಿಂದ 'ಅಯ್ಯೋ' ಎಂಬ ಸಣ್ಣ ಉಸಿರು ಕೇಳಿಸಿತು. ಕೆಂಪರಾಜು ನನ್ನನ್ನು ನೋಡಿದ ರೀತಿಗೆ ಇನ್ನೊಂದು ಚಿಪ್ಪು ಬಾಳೆಹಣ್ಣು ಬರುವುದು ಖಂಡಿತವಾಗಿತ್ತು. ಹೊನ್ನಮ್ಮ ನನ್ನನ್ನು ನೋಡಲೇ ಇಲ್ಲ. ನಾನು ಕಡ್ಡಿ ಮುಂದಕ್ಕೆ ತಳ್ಳಿದೆ, ಕೈ ಎತ್ತಿದೆ, ಕೆಂಪರಾಜು ಬಾಲ ಬಿಟ್ಟ. ಕಾಗೆ ಹುಲ್ಲಿನ ಮೇಲೆ ನಾಲ್ಕು ಮಾರು ಓಡಿ ಏರಿತು.

ತಿಪ್ಪಯ್ಯ ಎರಡು ಸುತ್ತು ಮೇಲೆ ಹೊಡೆದ. ಮೂರನೆಯದರಲ್ಲಿ ಇಳಿಸಿ ಎಡೆ ತಾಗಿಸುವುದು ಅವನ ಪದ್ಧತಿ. ಅಷ್ಟರಲ್ಲಿ ನನ್ನ ಕಿವಿ ನೆಟ್ಟಗಾಯಿತು. ತೇಗು ಹೋಗಿತ್ತು. ಸದ್ದು ಸಣ್ಣಗಾಯಿತು, ಕೀರಲಾಯಿತು, ನಿಂತಿತು. ಕಾಗೆ ತಂತಿಯ ಕೊನೆಯಲ್ಲಿ ಸುಮ್ಮನೆ ತೇಲಿ, ಎಡೆಯ ಮೇಲಿನಿಂದ ಒಂದು ಗೇಣು ಎತ್ತರದಲ್ಲಿ ಹಾದು, ಆಚೆ ಹೋಗಿ ಹುಲ್ಲಿನಲ್ಲಿ ಕೂತಿತು.

"ನೋಡ್ಬುಟ್ಟು ಹೋಯ್ತು!" ಎಂದಳು ಒಬ್ಬ ಮುದುಕಿ. "ಎಲೇಲಿ ಇರೋದ್ನ ನೋಡ್ಬುಟ್ಟು, ಬ್ಯಾಡ ಅಂತ ಹೋಯ್ತು!"

ಮತ್ತೆ ತಂದು ತಿರುವಿದೆ. ಇಲ್ಲ. ಕಿಡಿ ನೋಡಿದೆ, ಇತ್ತು. ಮತ್ತೆ ತಿರುವಿದೆ. ದಾಸಯ್ಯ ಜಾಗಟೆ ಕೆಳಗಿಟ್ಟು, "ಮನೆಯೋರು ಮಾತಾಡ್ಬೇಕು" ಎಂದ. ಜನ ಹತ್ತಿರ ಹತ್ತಿರ ಬಂದರು. ತಿಥಿಗೆ ಅಷ್ಟು ಹೊತ್ತಿಗೆ ಕಳೆ ಬಂದಿತ್ತು.

ಕೆಂಪರಾಜು ಬಾಲ ಹಿಡಿದೇ ಗಂಟಲು ಸರಿಮಾಡಿಕೊಂಡ. "ಅಪ್ಪಾ, ನಿನ್ನ ಫೋಟೋಕ್ಕೆ ಗಂಧದ ಕಟ್ಟು ಹಾಕಿಸ್ತೀನಿ."

ತಿರುವಿದೆ. ಇಲ್ಲ.

"ವರ್ಷಾ ವರ್ಷಾ ಊರಿಗೆಲ್ಲಾ ಊಟ ಹಾಕ್ತೀನಿ."

ಊರಿಗೆ ಅದು ಹಿಡಿಸಿತು, ಎಂಜಿನ್ನಿಗೆ ಹಿಡಿಸಲಿಲ್ಲ. ಲಕ್ಕಪ್ಪ ಮುಂದೆ ಬಂದು, "ನಾನು ಕುಡಿಯೋದು ಬಿಡ್ತೀನಪ್ಪಾ" ಎಂದ. ಅವನ ಹೆಂಡತಿ ಓಡಿ ಬಂದು ನನ್ನ ಕೈ ಹಿಡಿದು, "ಸಾಕಕ್ಕ, ಈಗ ಚೆನ್ನಾಗಿ ತಿರುವಿ, ಚೆನ್ನಾಗಿ!" ಎಂದಳು. ಚೆನ್ನಾಗಿಯೇ ತಿರುವಿದೆ. ಲಕ್ಕಪ್ಪ ನಿಟ್ಟುಸಿರು ಬಿಟ್ಟು ಹಿಂದೆ ಸರಿದ. ಹೆಂಡತಿ ಅವನ ತೋಳು ಹಿಡಿದು, "ಇನ್ನೊಂದ್ಸಲ ಅನ್ನಿ. ಗಟ್ಟಿಯಾಗಿ ಅನ್ನಿ," ಎಂದು ಬೇಡಿಕೊಂಡಳು. "ಒಂದ್ಸಲ ಕೇಳಿದ್ದಾರೆ, ಬೇಡ ಅಂದಿದ್ದಾರೆ," ಎಂದ ಲಕ್ಕಪ್ಪ. "ಸತ್ತವರಿಗೆ ಬಲವಂತ ಮಾಡ್ಬಾರ್ದು."

ಹೊನ್ನಮ್ಮನನ್ನು ಯಾರೂ ಮುಂದೆ ಕರೆಯಲಿಲ್ಲ. ಹೆಣ್ಣುಮಗಳು ಕೊಡುವ ಮಾತು ನಮ್ಮಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಕೊಡುವುದಕ್ಕೆ ಅವಳ ಹತ್ತಿರ ಏನಿರುತ್ತದೆ ಎಂದು.

ನಾನು ಕಾರ್ಬೊರೇಟರಿನ ಬಾಯಿಗೆ ಬೆರಳಿಟ್ಟು ಫ್ಯಾನು ತಿರುಗಿಸಿ ನೋಡಿದೆ. ಬೆರಳು ಒದ್ದೆಯಾಗಲಿಲ್ಲ. ಟ್ಯಾಂಕಿನಲ್ಲಿ ಪೆಟ್ರೋಲ್ ಇದೆ, ಬಾಯಿಗೆ ಬರುತ್ತಿಲ್ಲ. ಸೂಜಿಯನ್ನು ಪೂರ್ತಿ ಬಿಚ್ಚಿ ಹೊರಗೆ ತೆಗೆದು ಬೆಳಕಿಗೆ ಹಿಡಿದೆ. ತುದಿಯಲ್ಲಿ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ತೆಗೆದು ಬೆರಳ ನಡುವೆ ಉಜ್ಜಿದೆ, ಮೂಸಿದೆ. ನನ್ನದು ವಯಸ್ಸಾದ ಕಣ್ಣು ಎಂದು ಇನ್ನೊಮ್ಮೆ ನೋಡಿದೆ.

"ಏನದು ಸಾಕಕ್ಕ?" ಎಂದ ದಾಸಯ್ಯ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಹಿಟ್ಟು."

"ಏನು?"

"ಹಿಟ್ಟು ಕಣಯ್ಯ. ಗೋಧಿ ಹಿಟ್ಟು. ಗಂಟಲಲ್ಲಿ ಸಿಕ್ಕೊಂಡಿದೆ."

ಮುಂದಿನವರು ಹಿಂದಿನವರಿಗೆ ಹೇಳಿದರು, ಹಿಂದಿನವರು ಮರದ ಕೆಳಗಿನವರಿಗೆ. ಸುತ್ತು ಹಾಕಿ ಬಂದ ಮಾತು ನನ್ನ ಕಿವಿಗೆ ಬೀಳುವ ಹೊತ್ತಿಗೆ ಮುದ್ದಯ್ಯ ಸ್ವತಃ ಬಂದು ಕಾಗೆಯ ಬಾಯಿಗೆ ಒಂದು ಹಿಡಿ ಹಿಟ್ಟು ತುರುಕಿದ್ದ.

"ಗಿರಣಿ ವಿಚಾರ," ಎಂದ ದಾಸಯ್ಯ. ಅವನಿಗೂ ಮೈಮೇಲೆ ಮುಳ್ಳೆದ್ದಿತ್ತು. "ಕೆಂಪರಾಜಪ್ಪಾ, ನಿಮ್ಮಪ್ಪ ಗಿರಣಿ ವಿಚಾರ ಎತ್ತವ್ರೆ."

ಕೆಂಪರಾಜುವಿನ ಹಣೆಯಲ್ಲಿ ಬೆವರು ಮೂಡಿತು. ಅವನ ಹೆಂಡತಿ ಪುಟ್ಟಗೌರಿ ಬುದ್ಧಿವಂತೆ, ಆದರೆ ಬುದ್ಧಿಗಿಂತ ಬಾಯಿ ಮುಂದು. "ಅಲ್ಲಾ, ನಿನ್ನೆ ಸಂಜೆ ನೀವೇ ಮೈದಾ ಜರಡೀಲಿ ಪೆಟ್ರೋಲ್—" ಎಂದು ಶುರುಮಾಡಿದಳು. ಗಂಡ ಅವಳತ್ತ ತಿರುಗಿ ನೋಡಿದ. ಅವಳಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಹೆಂಗಸರ ನಡುವೆ ಹೋಗಿ ನಿಂತಳು.

ಬಾಲದ ಹತ್ತಿರ ಇದ್ದವನು ಅವನು, ಮೂತಿಯ ಹತ್ತಿರ ಇದ್ದವಳು ನಾನು. ಇಬ್ಬರಿಗೂ ಅರ್ಥವಾಯಿತು. ನಾನು ಸೋಸಿದ್ದು ಸಾಲದೇನೋ ಎಂದು, ಹೊನ್ನಮ್ಮ ನನ್ನನ್ನು ಕಂಡು ಹೋದದ್ದು ತಿಳಿದು ಭಯಕ್ಕೋ ಏನೋ, ಮನೆಯಲ್ಲಿದ್ದ ಎಲ್ಲಕ್ಕಿಂತ ಸಣ್ಣ ಕಣ್ಣಿನ ಜರಡಿಯಲ್ಲಿ ಅವನು ಇನ್ನೊಮ್ಮೆ ಸೋಸಿದ್ದಾನೆ. ಗಿರಣಿಯೊಳಗೆ ಒಂದು ದಿನ ನಿಂತಿದ್ದರೂ ಆ ಜರಡಿಯನ್ನು ಎಷ್ಟು ಕೊಡವಿದರೂ ಹಿಟ್ಟು ಹೋಗುವುದಿಲ್ಲ ಎಂಬುದು ಅವನಿಗೆ ಗೊತ್ತಿರುತ್ತಿತ್ತು. ಈಗ ಬಾಯಿ ಬಿಡುವುದು ಹೇಗೆ? ಅಪ್ಪ ಬೇಗ ಹೊರಡಲಿ ಎಂದು ಪೆಟ್ರೋಲ್ ಮುಟ್ಟಿದೆ ಎಂದು ಎಡೆಯ ಮುಂದೆ ಒಪ್ಪಿಕೊಳ್ಳಬೇಕು. ಅದಕ್ಕಿಂತ ಅಪ್ಪನೇ ಹಿಟ್ಟು ಹಾಕಿದ್ದು ಎನ್ನುವುದು ಮರ್ಯಾದೆ.

ನಾನಾದರೂ ಹೇಳಬಹುದಿತ್ತು. ಆದರೆ ನಾನು ಕಂಡದ್ದು ಹಿಟ್ಟು. ಜರಡಿಯನ್ನು ಕಂಡವಳು ಪುಟ್ಟಗೌರಿ, ಅವಳಿಗೆ ಕೆಮ್ಮು.

ಸೂಜಿ ಒರೆಸಿ, ತೂತಿಗೆ ಬಾಯಿಟ್ಟು ಊದಿ, ಮತ್ತೆ ಕೂರಿಸಿದೆ. ಟ್ಯಾಂಕಿನಲ್ಲಿ ಇನ್ನೂ ಹಿಟ್ಟು ಇರುತ್ತದೆ, ಚೆಲ್ಲುವಂತಿಲ್ಲ. "ಇನ್ನೂ ಇದ್ರೂ ಇರಬಹುದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅದನ್ನು ಅವರು ಮುದ್ದಯ್ಯನ ಸಿಟ್ಟಿನ ವಿಷಯ ಎಂದುಕೊಂಡು ತಲೆದೂಗಿದರು.

ಕೆಂಪರಾಜು ತುಟಿ ಒದ್ದೆ ಮಾಡಿಕೊಂಡ. "ಅಪ್ಪಾ, ಗಿರಣಿ ಮುಚ್ಚಲ್ಲ."

ತಿರುವಿದೆ. ಹತ್ತಿತು! ಜನ ಹೋ ಎಂದರು. ಕಡ್ಡಿ ತಳ್ಳಲು ಕೈ ಚಾಚಿದೆನೋ ಇಲ್ಲವೋ, ಕೀರಲಾಗಿ ನಿಂತಿತು.

"ಅರ್ಧ ಮಾತಿಗೆ ಅರ್ಧ," ಎಂದಳು ಆ ಮುದುಕಿ. "ಮುಚ್ಚಲ್ಲ ಅಂದ್ಯಲ್ಲ, ಯಾರು ತೆಗೀತಾರೆ ಅಂತ ಹೇಳೋ!"

"ಹೇಳಪ್ಪಾ," ಎಂದರು ಜನ. "ಸರಿಯಾಗಿ ಹೇಳು. ಹಿಟ್ಟು ಬೀಸಿಸ್ಕೊಳಕ್ಕೆ ನಾವೇನು ಪಕ್ಕದೂರಿಗೆ ಹೋಗ್ಬೇಕಾ?"

ನಾನು ಮತ್ತೆ ಸೂಜಿ ಬಿಚ್ಚಿದೆ. ಮತ್ತೆ ಹಿಟ್ಟು. ಒರೆಸಿದೆ, ಊದಿದೆ. ಈ ಸಲ ಮೂರು ಸುತ್ತು ಬಿಚ್ಚಿ ಇಟ್ಟೆ. ಬಡಬಡಿಸಿದರೆ ಬಡಬಡಿಸಲಿ, ಹಿಟ್ಟು ಕೂರಲು ಜಾಗ ಸ್ವಲ್ಪ ಹೆಚ್ಚಿರಲಿ ಎಂದು. ಬೆರಳಿಗೆ ಚರ್ಮದ ಟೋಪಿ ಸಿಕ್ಕಿಸಿಕೊಂಡು ಕಾದೆ. ಕೆಂಪರಾಜು ಎಡೆಯನ್ನು ನೋಡಿದ, ತಂಗಿಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿ ಇದ್ದದ್ದು ನನಗೆ ಚೆನ್ನಾಗಿ ತಿಳಿಯಿತು: ನನ್ನ ಬಾಳೆಹಣ್ಣು ತಿಂದು ಅವಳ ಕಡೆ ಸೇರಿದೆಯಲ್ಲ.

"ಗಿರಣಿ," ಎಂದ. ನಿಂತ. "ಗಿರಣಿ ಹೊನ್ನಮ್ಮಂಗೆ. ಕಲ್ಲು, ಬೆಲ್ಟು, ಜಾಗ ಎಲ್ಲಾ ಅವಳಿಗೆ. ನಾನಾಗ್ಲಿ ಲಕ್ಕಪ್ಪನಾಗ್ಲಿ ಕೇಳಲ್ಲ."

"ನಾನ್ಯಾಕೆ ಕೇಳ್ಲಿ?" ಎಂದ ಲಕ್ಕಪ್ಪ. ಕುಡಿಯುವುದು ಬಿಡುವ ವಿಷಯ ಮತ್ತೆ ಏಳದೆ ಮುಗಿದರೆ ಸಾಕಾಗಿತ್ತು ಅವನಿಗೆ.

ತಿರುವಿದೆ. ಹತ್ತಲಿಲ್ಲ.

ಹೊನ್ನಮ್ಮ ಆಗ ಮೊದಲ ಸಲ ನನ್ನತ್ತ ನೋಡಿದಳು. ಪೆಟ್ರೋಲ್ ಹೆಚ್ಚಾಗಿ ಒಳಗೆ ತುಂಬಿಕೊಂಡಿದೆ, ಅಷ್ಟೇ. ನಿಧಾನ ಮಾಡಿದರೆ ಸರಿಹೋಗುತ್ತದೆ. ಆದರೆ ಈಗ ಹತ್ತದೆ ಹೋದರೆ ಆ ಮಾತೂ ಫೋಟೋದ ಕಟ್ಟಿನ ಜೊತೆ ಸೇರುತ್ತದೆ. ಕೆಂಪರಾಜು ಇನ್ನೊಂದು ಮಾತಿಗೆ ಬಾಯಿ ತೆರೆಯುತ್ತಿದ್ದ. "ಸ್ವಲ್ಪ ತಡಿಯಪ್ಪ," ಎಂದೆ. ಕಾರ್ಬೊರೇಟರಿನ ಬಾಯಿಂದ ಬೆರಳು ತೆಗೆದು, ಫ್ಯಾನನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ ಒಳಗಿನ ಪೆಟ್ರೋಲ್ ಆರಿಸಿದೆ. ಕಡ್ಡಿ ನೋಡಿದೆ, 'ತಡ'ದಲ್ಲೇ ಇತ್ತು. ಎಳೆದು ತಿರುವಿದೆ.

ಬಡಬಡಬಡ ಎಂದು, ಮದುವೆ ಊಟ ಮಾಡಿದವರ ಹಾಗೆ ತೇಗುತ್ತ ಹತ್ತಿತು. ಕಡ್ಡಿ ತಳ್ಳಿದೆ. ಕೆಂಪರಾಜು ಬಾಲ ಬಿಡಲು ಒಂದು ಕ್ಷಣ ತಡಮಾಡಿದ. ಆಮೇಲೆ ಬಿಟ್ಟ. ಕಾಗೆ ಹೊಗೆ ಉಗುಳುತ್ತ ಸೋಮಾರಿಯ ಹಾಗೆ ಏರಿತು. "ತಿಪ್ಪಯ್ಯ, ಮೊದಲನೇ ಸುತ್ತಿಗೇ ಇಳಿಸು!" ಎಂದು ಕೂಗಿದೆ. ಹಿಟ್ಟು ಯಾವಾಗ ಬಂದು ಕೂರುತ್ತದೋ ಯಾರಿಗೆ ಗೊತ್ತು. ಅವನು ಕೈ ಇಳಿಸಿದ. ತಗಡಿನ ಕೊಕ್ಕು ಅನ್ನದ ಉಂಡೆಯನ್ನು ಸೀಳಿಕೊಂಡು ಹೋಯಿತು. ಅಗುಳು ದಾಸಯ್ಯನ ಮುಖಕ್ಕೆ ಹಾರಿತು. ಆ ಸುತ್ತು ಮುಗಿಯುವ ಮೊದಲೇ ಸದ್ದು ಕೀರಿ ನಿಂತು, ಕಾಗೆ ಮೆಲ್ಲಗೆ ಹುಲ್ಲಿಗಿಳಿಯಿತು.

"ಹೇಳೋದು ಹೇಳಿ ಮುಗಿಸ್ತು," ಎಂದಳು ಮುದುಕಿ. ಜನ ಊಟಕ್ಕೆ ಎದ್ದರು. ಹೊನ್ನಮ್ಮ ಮಾತ್ರ ಹುಲ್ಲಿಗೆ ನಡೆದು, ಬಿಸಿಯಾಗಿದ್ದ ಕಾಗೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಬಂದು ನನ್ನ ಮಡಿಲಿಗೆ ಇಟ್ಟಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಕೆಂಪರಾಜುವಿಗೆ ಬೆಳೆದ ಮಗಳಿದ್ದಾಳೆ, ಮಾತು ನಡೆಸಿದ. ನನ್ನ ಹತ್ತಿರ ಇವತ್ತಿಗೂ ಮಾತಿಲ್ಲ. ಹೊನ್ನಮ್ಮ ವಾರಕ್ಕೊಮ್ಮೆ ನನಗೆ ರಾಗಿ ಹಿಟ್ಟು ತಂದುಕೊಡುತ್ತಾಳೆ. "ನಾನೇನೂ ಮಾಡಿಲ್ಲ ಕಣೇ, ನಿಮ್ಮಣ್ಣನ ಜರಡಿ," ಎಂದು ಪ್ರತಿ ಸಲ ಹೇಳುತ್ತೇನೆ. "ಹೂಂ ಹೂಂ, ನೀವೇನೂ ಮಾಡಿಲ್ಲ," ಎಂದು ಜ್ವರದವರನ್ನು ಸಮಾಧಾನ ಮಾಡುವ ಹಾಗೆ ತಲೆದೂಗಿ, ಡಬ್ಬಕ್ಕೆ ಇನ್ನೊಂದು ಸೇರು ಸುರಿಯುತ್ತಾಳೆ.

ನನ್ನ ಕೆಲಸ ಮಾತ್ರ ಹೆಚ್ಚಿತು. ಈಗ ಊರಲ್ಲಿ ಎಲ್ಲರೂ ಪೆಟ್ರೋಲನ್ನು ಇನ್ನೊಮ್ಮೆ ಸೋಸುತ್ತಾರೆ. ದರ್ಜಿಯ ತಿಥಿಗೆ ಹೆಂಡತಿ ಅವನು ಹೊಲಿಯದೆ ಬಿಟ್ಟ ಬಟ್ಟೆಯಲ್ಲಿ ಸೋಸಿ ತಂದಳು. ಹೋಟೆಲಿನವರು ಕಾಫಿ ಸೋಸುವ ಬಟ್ಟೆಯಲ್ಲಿ, ನಶ್ಯದ ಅಂಗಡಿಯವರು ಅವರ ಕರವಸ್ತ್ರದಲ್ಲಿ. ಎಂಜಿನ್ನು ನಿಂತ ಕೂಡಲೇ ಯಾರೂ ಮಾತು ಕೊಡುವುದಿಲ್ಲ. "ಸಾಕಕ್ಕ, ಗಂಟಲಲ್ಲಿ ಏನು ಸಿಕ್ತು?" ಎಂದು ಕೇಳುತ್ತಾರೆ. ನಾನು ಸಿಕ್ಕಿದ್ದನ್ನು ಹೇಳುತ್ತೇನೆ. ಏನೂ ಸಿಗದಿದ್ದರೆ ಏನೂ ಇಲ್ಲ ಎನ್ನುತ್ತೇನೆ. ಆಗ ಅವರಿಗೆ ಭಯ ಇನ್ನೂ ಜಾಸ್ತಿ. ಸತ್ತವರು ಮಾತು ಬಿಟ್ಟಿದ್ದಾರೆ ಎಂದು.

ನನಗೂ ವಯಸ್ಸಾಯಿತು. ಹೊನ್ನಮ್ಮನಿಗೆ ಎಂಜಿನ್ನು ಹೇಳಿಕೊಟ್ಟಿದ್ದೇನೆ. ಬೀಸುವ ಕಲ್ಲಿನ ಸದ್ದು ಕೇಳಿ ಹಿಟ್ಟು ದಪ್ಪವೋ ಸಣ್ಣವೋ ಹೇಳುವವಳಿಗೆ ಸೂಜಿಯ ಸದ್ದು ಕಷ್ಟವಾಗಲಿಲ್ಲ. ಮೊನ್ನೆ ಗಿರಣಿಯ ಕಟ್ಟೆಯ ಮೇಲೆ ಕೂತು, "ನನ್ನ ತಿಥಿಗೆ ನೀನೇ ತಿರುವ್ಬೇಕು," ಎಂದೆ. "ಪೆಟ್ರೋಲನ್ನ ನಾಲ್ಕು ಮಡಿಕೆ ಬಟ್ಟೇಲಿ ಸೋಸು. ಗಿರಣಿ ಹತ್ತಿರ ತರಬೇಡ. ಮೊದಲನೇ ಏಟಿಗೇ ಹತ್ತಲಿ."

"ಮೊದಲನೇ ಏಟಿಗಾ?" ಎಂದಳು. "ಸಾಕಕ್ಕಂಗೆ ನಮ್ಮ ಹತ್ರ ಕೇಳೋದು ಏನೂ ಇರಲಿಲ್ವಾ ಅಂತ ಊರು ಬೇಜಾರು ಮಾಡ್ಕೊಳಲ್ವಾ?"

ಅದನ್ನು ನಾನು ಯೋಚಿಸಿರಲಿಲ್ಲ. ಇಷ್ಟು ಜನರ ಆಸೆಗಳನ್ನು ಹುಲ್ಲಿನ ಮೇಲೆ ಮಂಡಿಯೂರಿ ಕೇಳಿಸಿಕೊಂಡಿದ್ದೇನೆ. ನನ್ನದೇನು ಎಂದು ಎಲ್ಲರೂ ಎಡೆಯ ಸುತ್ತ ನಿಂತು ಸ್ವಲ್ಪ ಹೊತ್ತು ತಲೆ ಕೆರೆದುಕೊಳ್ಳುವುದು ಕಣ್ಣಿಗೆ ಕಟ್ಟಿತು. ಕೆಂಪರಾಜೂ ಇರುತ್ತಾನೆ.

"ಹಾಗಾದ್ರೆ ಸೂಜಿ ಒಂದು ಕಾಲು ಸುತ್ತು ಬಿಗಿ ಇಡು," ಎಂದೆ. "ಸ್ವಲ್ಪ ಹೊತ್ತು. ತಿಪ್ಪಯ್ಯಂಗೆ ಕಾಲು ನೋಯೋ ತನಕ ಸಾಕು."

ಹೊನ್ನಮ್ಮ ಚಪ್ಪಾಳೆ ತಟ್ಟಿದಳು. ಹಿಟ್ಟು ಹಾರಿತು. "ನೋಡಿದ್ರಾ! ನಿಮ್ಮ ಬಾಯಿಂದ್ಲೇ ಬಂತು! ಅವತ್ತೂ ನೀವೇ ಮಾಡಿದ್ದು!"

ಮಾಡಲು ಆಗುವುದಿಲ್ಲ ಎಂದು ನಾನು ಯಾವತ್ತೂ ಹೇಳಿಲ್ಲ. ಮಾಡಿಲ್ಲ ಎಂದಷ್ಟೇ ಹೇಳಿದ್ದು. ಅದನ್ನೇ ಅವಳಿಗೆ ಇನ್ನೊಮ್ಮೆ ಬಿಡಿಸಿ ಹೇಳತೊಡಗಿದೆ. ಅಷ್ಟರಲ್ಲಿ ಗಿರಾಕಿ ಬಂದರು, ಅವಳು ಎದ್ದು ಗಿರಣಿಯ ಬೆಲ್ಟು ಏರಿಸಿದಳು. ನಾನು ಹೇಳುತ್ತಲೇ ಇದ್ದೆ. ಅವಳು ನನ್ನ ಬಾಯಿಯನ್ನೇ ನೋಡುತ್ತ, ಎಲ್ಲ ಕೇಳಿಸಿತು ಎಂಬಂತೆ, ನಗುತ್ತಿದ್ದಳು.